ಆರ್‌ಸಿ (ರಿಮೋಟಿನಲ್ಲಿ ಓಡಿಸುವ) ಬೋಟ್ ಪೂರ್ತಿ ಥ್ರಾಟಲ್‌ನಲ್ಲಿ ಕುಪ್ಪಳಿಸುತ್ತದೆ, ಬಲಕ್ಕೆ ವಾಲುತ್ತದೆ. ದೊಡ್ಡ ಪ್ರಾಪ್ (ಬೋಟನ್ನು ತಳ್ಳುವ ಪ್ರೊಪೆಲ್ಲರ್) ಹಾಕಿದರೆ ಸರಿ ಹೋಗುತ್ತಾ?

ಇಲ್ಲ, ಸರಿ ಹೋಗಲ್ಲ. ಇನ್ನೂ ಹಾಳಾಗುತ್ತದೆ. ದಯವಿಟ್ಟು ಪ್ರಾಪ್‌ಗೆ ಈಗಲೇ ದುಡ್ಡು ಹಾಕಬೇಡಿ.

ನೀವು ಹೇಳಿರುವುದು ಇಷ್ಟು: 70 ಸೆಂ.ಮೀ. ಉದ್ದದ ಡೀಪ್-ವಿ (ತಳ ಆಳವಾದ V ಆಕಾರದ) ಬೋಟ್, ಒಂದೇ ಪ್ರಾಪ್, 2000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 2000 ಸುತ್ತು) ಬ್ರಷ್‌ಲೆಸ್ ಮೋಟಾರ್, 4ಎಸ್ (ನಾಲ್ಕು ಸೆಲ್‌ನ) ಲಿಪೋ ಬ್ಯಾಟರಿ. ಅರ್ಧ ಥ್ರಾಟಲ್‌ವರೆಗೆ ಚೆನ್ನಾಗಿ ಹೋಗುತ್ತದೆ. ಪೂರ್ತಿ ಒತ್ತಿದ ತಕ್ಷಣ ಮೂತಿ ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ, ಬಲಕ್ಕೆ ವಾಲುತ್ತದೆ, ತಿರುಗಿಸಿದರೆ ಮಗುಚಿಕೊಳ್ಳುತ್ತದೆ. ಈಗಿರುವ 42 ಎಂಎಂ ಪ್ರಾಪ್ ತೆಗೆದು 45 ಎಂಎಂ ಹಾಕಬೇಕು ಅಂತಿದ್ದೀರಿ. ನಾನು ದಾವಣಗೆರೆಯವನು, ನೀವು ಪಕ್ಕದ ಚಿತ್ರದುರ್ಗ. ನಿಮ್ಮ ಕಡೆಯ ಗಾಳಿ, ನೀರು ಎರಡೂ ಗೊತ್ತಿರುವುದರಿಂದ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಪ್ರಾಪ್ ವಿಷಯ ಮುಗಿಸಿಬಿಡೋಣ. 4ಎಸ್ ಅಂದರೆ 14.8 ವೋಲ್ಟ್, 2000ದಿಂದ ಗುಣಿಸಿದರೆ ನಿಮಿಷಕ್ಕೆ 29,600 ಸುತ್ತು. ಲೋಡ್ ಬಿದ್ದಾಗ ಇದಕ್ಕಿಂತ ಕಡಿಮೆ ಇರುತ್ತದೆ, ಆದರೂ ಕಡಿಮೆ ಏನಲ್ಲ. ಅದೇ ವೇಗದಲ್ಲಿ ಸುತ್ತುವ, ಅದೇ ಆಕಾರದ ಪ್ರಾಪ್‌ನ ವ್ಯಾಸ ಹೆಚ್ಚಿಸಿದರೆ, ಅದು ಎಳೆಯುವ ಪವರ್ ವ್ಯಾಸದ ಐದನೇ ಘಾತದಷ್ಟು ಏರುತ್ತದೆ. 42ರಿಂದ 45ಕ್ಕೆ ಹೋದರೆ ಬರೀ 3 ಎಂಎಂ ಅನ್ನಿಸುತ್ತದೆ ಅಲ್ವಾ, ಲೆಕ್ಕ ಹಾಕಿದರೆ ಮೋಟಾರ್ ಮೇಲೆ ಸುಮಾರು 40% ಜಾಸ್ತಿ ಲೋಡ್. ಇಎಸ್‌ಸಿ (ಮೋಟಾರ್ ವೇಗ ನಿಯಂತ್ರಿಸುವ ಸಾಧನ), ಬ್ಯಾಟರಿ ಎರಡೂ ಬಿಸಿಯಾಗುತ್ತವೆ. ಜೊತೆಗೆ ಬೋಟನ್ನು ಬಲಕ್ಕೆ ವಾಲಿಸುತ್ತಿರುವುದೇ ಪ್ರಾಪ್‌ನ ಟಾರ್ಕ್ (ತಿರುಚುವ ಬಲ), ಅದೂ ಹೆಚ್ಚುತ್ತದೆ.

ನಿಮ್ಮ ಬೋಟಿಗೆ ಪವರ್ ಸಾಲದೆ ಹೀಗಾಗುತ್ತಿಲ್ಲ. ಇರುವ ಪವರ್ ಸರಿಯಾಗಿ ನೀರಿಗೆ ಇಳಿಯುತ್ತಿಲ್ಲ, ಅಷ್ಟೇ. ಅದನ್ನು ಸರಿ ಮಾಡುವ ಮೊದಲ ಕೆಲಸಕ್ಕೆ ಒಂದು ರೂಪಾಯಿಯೂ ಬೇಡ: ಬ್ಯಾಟರಿ ಜರುಗಿಸಿ.

ಬೋಟನ್ನು ಓಡಿಸುವಾಗ ಹೇಗಿರುತ್ತದೋ ಹಾಗೇ ರೆಡಿ ಮಾಡಿ. ಬ್ಯಾಟರಿ ಒಳಗೆ, ಮುಚ್ಚಳ ಹಾಕಿ, ಟೇಪ್ ಸುತ್ತಿ. ಆಮೇಲೆ ಎರಡೂ ಪಕ್ಕದ ಅಂಚಿನ ಕೆಳಗೆ ಒಂದೊಂದು ಬೆರಳು ಇಟ್ಟು ಎತ್ತಿ. ಮೂತಿಯೂ ಬೀಳದೆ, ಹಿಂಭಾಗವೂ ಬೀಳದೆ ಎಲ್ಲಿ ಸಮ ನಿಲ್ಲುತ್ತದೋ ಅದೇ ಸಿಜಿ, ತೂಕದ ಕೇಂದ್ರ. ಅಲ್ಲಿಗೆ ಪೆನ್ಸಿಲ್ ಗುರುತು ಹಾಕಿ, ಹಿಂದಿನ ಗೋಡೆಯಿಂದ, ಅಂದರೆ ಟ್ರಾನ್ಸಮ್‌ನಿಂದ ಅಳೆಯಿರಿ. ರಡ್ಡರ್ (ತಿರುಗಿಸುವ ಚುಕ್ಕಾಣಿ), ಸ್ಟ್ರಟ್ (ಹಿಂದೆ ಪ್ರಾಪ್‌ನ ಶಾಫ್ಟ್ ಹಿಡಿದಿರುವ ಆಧಾರ) ಲೆಕ್ಕಕ್ಕಿಲ್ಲ, ಹಲ್ (ಬೋಟಿನ ಒಡಲು) ಮಾತ್ರ. ಡೀಪ್-ವಿ ಬೋಟಿಗೆ ಒಟ್ಟು ಉದ್ದದ 30% ಒಳ್ಳೆಯ ಶುರು. ನಿಮ್ಮದಕ್ಕೆ ಹಿಂದಿನಿಂದ 21 ಸೆಂ.ಮೀ. ಕುಪ್ಪಳಿಸುವುದನ್ನು ನೋಡಿದರೆ ನಿಮ್ಮದು 17, 18ರಲ್ಲಿ ಇದ್ದರೂ ಆಶ್ಚರ್ಯ ಇಲ್ಲ. ಬ್ಯಾಟರಿ ಮುಂದಕ್ಕೆ ತಳ್ಳಿ 21ಕ್ಕೆ ತನ್ನಿ, ಓಡಿಸಿ, ಆಮೇಲೆ ಅರ್ಧರ್ಧ ಸೆಂ.ಮೀ. ಹಿಂದೆ ಮುಂದೆ ಮಾಡಿ ನೋಡಿ. ತೀರಾ ಮುಂದೆ ಹೋದರೆ ಅದಕ್ಕೂ ಲಕ್ಷಣ ಇದೆ: ಮೂತಿ ನೀರಿಗೆ ಅಂಟಿಕೊಂಡು ವೇಗ ಬೀಳುತ್ತದೆ, ತಿರುವಿನಲ್ಲಿ ಮೂತಿ ಕಚ್ಚಿಕೊಂಡು ಹಿಂಭಾಗ ಗಿರ್ರನೆ ಸುತ್ತುತ್ತದೆ. ಬ್ಯಾಟರಿ ಜಾಗ ಸಿಕ್ಕಿದ ಮೇಲೆ ಒಳಗೆ ಮಾರ್ಕರ್‌ನಲ್ಲಿ ಗೆರೆ ಎಳೆದು, ವೆಲ್ಕ್ರೋ ಗಟ್ಟಿಯಾಗಿ ಬಿಗಿಯಿರಿ. ನಮ್ಮ ಗೆಳೆಯರ ಬೋಟುಗಳಲ್ಲಿ ನಾನು ಕಂಡಂತೆ, ಅರ್ಧಕ್ಕರ್ಧ ತೊಂದರೆ ಈ ಒಂದು ಹೆಜ್ಜೆಯಲ್ಲೇ ಹೋಗುತ್ತದೆ.

ಇನ್ನು ಬಲಕ್ಕೆ ವಾಲುವುದು. ಬೋಟಿನ ಹಿಂದೆ ಕೂತು ನೋಡಿ, ಪ್ರಾಪ್ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತಿದ್ದರೆ ಹಲ್ ಬಲಕ್ಕೆ ತಿರುಚಿಕೊಳ್ಳುತ್ತದೆ. ಒಂದೇ ಪ್ರಾಪ್ ಇರುವ ಬೋಟಿನಲ್ಲಿ ಇದು ಇದ್ದೇ ಇರುತ್ತದೆ, ಕೆಟ್ಟಿದೆ ಅಂತ ಅಲ್ಲ. ಆದರೆ ಮೊದಲು ಬೋಟ್ ತಾನೇ ಸಮ ಇದೆಯಾ ನೋಡಿ. ಮೂತಿಯ ತುದಿಗೆ ಒಂದು ಬೆರಳು, ಟ್ರಾನ್ಸಮ್‌ನ ನಡುಮಧ್ಯಕ್ಕೆ ಒಂದು ಬೆರಳು ಕೊಟ್ಟು ಎತ್ತಿದರೆ ಯಾವ ಕಡೆ ಭಾರ ಅಂತ ತಕ್ಷಣ ಗೊತ್ತಾಗುತ್ತದೆ. ಬಲಕ್ಕೆ ಬಿದ್ದರೆ ಬ್ಯಾಟರಿಯನ್ನು ಸ್ವಲ್ಪ ಎಡಕ್ಕೆ ಸರಿಸಿ. ಸಾಲದಿದ್ದರೆ ಯಾವುದಾದರೂ ಟಯರ್ ಅಂಗಡಿಗೆ ಹೋಗಿ ವೀಲ್ ಬ್ಯಾಲೆನ್ಸಿಂಗ್‌ಗೆ ಅಂಟಿಸುವ ತೂಕದ ಪಟ್ಟಿ ಕೇಳಿ. 5 ಗ್ರಾಂ, 10 ಗ್ರಾಂ ತುಂಡುಗಳು, ಹಿಂದೆ ಅಂಟು ಇರುತ್ತದೆ. ಎಡಗಡೆ ಒಳಗೋಡೆ ಒರೆಸಿ ಒಣಗಿಸಿ ಅಂಟಿಸಿದರೆ ಆಯಿತು. ಕಾರಿನ ಚಕ್ರದಲ್ಲಿ ನಿಲ್ಲುವ ಅಂಟು ನಿಮ್ಮ ಬೋಟಿನಲ್ಲೂ ನಿಲ್ಲುತ್ತದೆ. 10 ಗ್ರಾಂನಿಂದ ಶುರು ಮಾಡಿ.

ಇಷ್ಟಾದ ಮೇಲೂ ಕುಪ್ಪಳಿಸಿದರೆ ಬೋಟನ್ನು ಬೋರಲು ಹಾಕಿ ತಳ ನೋಡಬೇಕು. ಈ ಕೆಲಸ ನನಗೆ ತುಂಬಾ ಇಷ್ಟ, ಯಾಕೆಂದರೆ ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಒಂದು ಅಡಿಯ ಸ್ಟೀಲ್ ಸ್ಕೇಲ್ ತೆಗೆದುಕೊಳ್ಳಿ. ಹಿಂಭಾಗದ ಕೊನೆಯ 20 ಸೆಂ.ಮೀ. ಜಾಗದಲ್ಲಿ, ಉದ್ದುದ್ದಕ್ಕೆ, ಸ್ಕೇಲಿನದೇ ಅಂಚಿನ ಮೇಲೆ ನಿಲ್ಲಿಸಿ. ಆ ಕಡೆಯಿಂದ ಮೊಬೈಲ್ ಟಾರ್ಚ್ ಹಾಕಿ, ಈ ಕಡೆಯಿಂದ ಬಗ್ಗಿ ನೋಡಿ. ಸ್ಕೇಲಿನ ನಡುವೆ ಬೆಳಕು ಬಂದರೆ ತಳ ಒಳಗೆ ತಗ್ಗಿದೆ, ಇದು ಮೂತಿಯನ್ನು ಕೆಳಗೆ ಒತ್ತುತ್ತದೆ. ಎರಡು ತುದಿಯಲ್ಲಿ ಬೆಳಕು ಬಂದು ನಡುವೆ ಸ್ಕೇಲ್ ಓಲಾಡಿದರೆ ತಳ ಹೊಟ್ಟೆ ಬಿಟ್ಟಿದೆ, ಕುಪ್ಪಳಿಸುವುದಕ್ಕೆ ಇದು ದೊಡ್ಡ ಕಾರಣ. ಪ್ಲಾಸ್ಟಿಕ್ ಹಲ್ ಆದರೆ ಏಪ್ರಿಲ್ ಬಿಸಿಲಲ್ಲಿ ಕಾರಿನ ಒಳಗೆ ಬಿಟ್ಟರೂ ಬಾಗುವ ಸಾಧ್ಯತೆ ಇದೆ. ತಗ್ಗಿರುವ ಕಡೆ ಎಪಾಕ್ಸಿ ತೆಳ್ಳಗೆ ಬಳಿದು, ಗಟ್ಟಿಯಾದ ಮೇಲೆ, ನೇರವಾದ ಮರದ ತುಂಡಿಗೆ ವಾಟರ್ ಪೇಪರ್ ಸುತ್ತಿ ನಿಧಾನವಾಗಿ ಉಜ್ಜಿ. ಬರೀ ಬೆರಳಲ್ಲಿ ಪೇಪರ್ ಹಿಡಿದು ಉಜ್ಜಿದರೆ ಅಲೆ ಅಲೆಯಾಗುತ್ತದೆ.

ಜೊತೆಗೆ ತಳವೂ ಟ್ರಾನ್ಸಮ್ಮೂ ಸೇರುವ ಅಂಚನ್ನು ಬೆರಳಲ್ಲಿ ಸವರಿ. ಅಚ್ಚಿನಿಂದ ತೆಗೆದ ಬೋಟುಗಳಲ್ಲಿ ಅದು ಸಾಮಾನ್ಯವಾಗಿ ದುಂಡಗಿರುತ್ತದೆ. ದುಂಡಗಿದ್ದರೆ ನೀರು ಬಿಟ್ಟು ಹೋಗದೆ ಅಂಚನ್ನು ಸುತ್ತಿಕೊಂಡು ಹಿಂಭಾಗವನ್ನು ಕೆಳಗೆ ಹೀರುತ್ತದೆ. ಆ ಅಂಚು ಚೂಪಾಗಿರಬೇಕು. ಪಕ್ಕದ ಅಂಚುಗಳೂ ಅಷ್ಟೇ, ಹಿಂದಿನ ಅರ್ಧದಲ್ಲಿ.

ಸ್ಟ್ರಟ್ ಮತ್ತು ಟ್ರಿಮ್ ಟ್ಯಾಬ್ (ಟ್ರಾನ್ಸಮ್‌ನ ಕೆಳ ಅಂಚಿನಲ್ಲಿರುವ, ಬಾಗಿಸಬಹುದಾದ ಸಣ್ಣ ತಗಡು) ಬಗ್ಗೆಯೂ ಕೇಳಿದ್ದೀರಿ. ಎರಡನ್ನೂ ಮೊದಲು ತಟಸ್ಥಕ್ಕೆ ತನ್ನಿ: ಸ್ಟ್ರಟ್ ತಳದ ನಡುಗೆರೆಗೆ ಸಮಾನಾಂತರ, ಟ್ಯಾಬ್‌ಗಳು ತಳದ ಮಟ್ಟಕ್ಕೇ ನೇರ. ಇಲ್ಲಿಂದ, ಮೂತಿ ಇನ್ನೂ ಮೇಲೇಳುತ್ತಿದ್ದರೆ ಸ್ಟ್ರಟ್‌ನ ಪ್ರಾಪ್ ಇರುವ ತುದಿಯನ್ನು ಒಂದು ಕೂದಲೆಳೆ ಕೆಳಗೆ ಬಾಗಿಸಿ. ಆಗ ತಳ್ಳುವ ಬಲ ಹಿಂಭಾಗವನ್ನು ಎತ್ತುತ್ತದೆ, ಮೂತಿ ಇಳಿಯುತ್ತದೆ. ಮೂತಿ ತೀರಾ ನೀರಿಗೆ ಅಂಟಿಕೊಂಡು ಓಡುತ್ತಿದ್ದರೆ ಉಲ್ಟಾ ಮಾಡಿ. ಟ್ಯಾಬ್ ಕೆಳಗೆ ಬಾಗಿಸಿದರೂ ಹಿಂಭಾಗ ಏಳುತ್ತದೆ, ಆದರೆ ಟ್ಯಾಬ್ ನೀರನ್ನು ತಡೆಯುತ್ತದೆ, ವೇಗ ತಿನ್ನುತ್ತದೆ. ಹಾಗಾಗಿ ನಾನು ಟ್ಯಾಬನ್ನು ಕೊನೆಗೆ ಮಾತ್ರ ಮುಟ್ಟುತ್ತೇನೆ. ತೂಕ ಸರಿ ಮಾಡಿದ ಮೇಲೂ ಬಲಕ್ಕೆ ವಾಲು ಉಳಿದರೆ ಬಲಗಡೆ ಟ್ಯಾಬನ್ನು ಒಂದೇ ಡಿಗ್ರಿ ಕೆಳಗೆ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗಲ್ಲ. ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಸ್ಟ್ರಟ್ ಮುಟ್ಟಿದಾಗ ಫ್ಲೆಕ್ಸ್ ಶಾಫ್ಟ್ (ಮೋಟಾರಿನಿಂದ ಪ್ರಾಪ್‌ಗೆ ಹೋಗುವ, ಬಾಗುವ ಶಾಫ್ಟ್) ಕೂಡ ನೋಡಿ. ಲೋಡ್ ಬಿದ್ದಾಗ ಅದು ತಿರುಚಿಕೊಂಡು ಗಿಡ್ಡವಾಗುತ್ತದೆ. ಪ್ರಾಪ್ ಮುಂದಿನ ಡ್ರೈವ್ ಡಾಗ್‌ಗೂ (ಪ್ರಾಪನ್ನು ಹಿಡಿದು ಸುತ್ತಿಸುವ ತುಂಡು) ಸ್ಟ್ರಟ್‌ಗೂ ನಡುವೆ 2–3 ಎಂಎಂ ಜಾಗ ಇಲ್ಲದಿದ್ದರೆ ಎರಡೂ ಉಜ್ಜುತ್ತವೆ. ಗ್ರೀಸ್ ಹಚ್ಚಿರಬೇಕು.

ತಿರುವಿನಲ್ಲಿ ಮಗುಚುವುದಕ್ಕೆ ರಿಮೋಟಿನಲ್ಲೇ ಮೊದಲ ಔಷಧಿ ಇದೆ. ಸ್ಟಿಯರಿಂಗ್ ಡ್ಯುಯಲ್ ರೇಟ್ (ರಡ್ಡರ್ ಎಷ್ಟು ತಿರುಗಬೇಕು ಅನ್ನುವ ಮಿತಿ) ಕಡಿಮೆ ಮಾಡಿ. ಪೂರ್ತಿ ವೇಗದಲ್ಲಿ ಇಷ್ಟು ಸಣ್ಣ ಬೋಟಿಗೆ ಅಷ್ಟೊಂದು ರಡ್ಡರ್ ಬೇಡ. ತಿರುವಿಗೆ ಮುಂಚೆಯೇ ಥ್ರಾಟಲ್ ಸ್ವಲ್ಪ ಬಿಟ್ಟು, ತಿರುಗಲು ಶುರುವಾದ ಮೇಲೆ ಮತ್ತೆ ಕೊಡಿ. ತಿರುಗುತ್ತಿರುವಾಗ ಫಟ್ಟನೆ ಥ್ರಾಟಲ್ ಬಿಟ್ಟರೆ ಮೂತಿ ಇಳಿದು ಕಚ್ಚಿಕೊಳ್ಳುತ್ತದೆ. ರಡ್ಡರ್ ಅಲ್ಲಾಡದೆ ನೇರ ನಿಂತಿರಲಿ, ಅದರ ಮುಂದಿನ ಅಂಚು ಚೂಪಾಗಿರಲಿ. ರೇಸ್‌ಗಳಲ್ಲಿ ಸಾಮಾನ್ಯವಾಗಿ ಬಲಕ್ಕೇ ತಿರುಗಿಸಿಕೊಂಡು ಸುತ್ತು ಹಾಕುತ್ತಾರೆ, ಅದಕ್ಕೇ ಟರ್ನ್ ಫಿನ್ (ತಿರುವಿನಲ್ಲಿ ನೀರನ್ನು ಕಚ್ಚಿ ಹಿಡಿಯುವ ರೆಕ್ಕೆ) ಬಲಗಡೆ ಇರುತ್ತದೆ. ನಿಮ್ಮ ಬೋಟ್ ಬಲಕ್ಕೆ ಚೆನ್ನಾಗಿ ತಿರುಗಿ ಎಡಕ್ಕೆ ಮಾತ್ರ ಮಗುಚುತ್ತಿದ್ದರೆ ಅದು ಸಹಜ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಇನ್ನೊಂದು: ನಿಮ್ಮದು ತಾನಾಗಿ ಎದ್ದು ನಿಲ್ಲುವ ಜಾತಿಯ ಹಲ್ ಆದರೆ, ಒಂದು ಪಕ್ಕದಲ್ಲಿ ನೀರು ತುಂಬಿಕೊಳ್ಳುವ ಕೋಣೆ, ಅದಕ್ಕೆ ತೂತು ಇರುತ್ತದೆ. ಸೋರುತ್ತಿದೆ ಅಂದುಕೊಂಡು ಆ ತೂತಿಗೆ ಟೇಪ್ ಹಾಕಬೇಡಿ.

ಇದೆಲ್ಲ ಆದ ಮೇಲೆ ಇರುವ 42 ಪ್ರಾಪನ್ನೇ ಬ್ಯಾಲೆನ್ಸ್ ಮಾಡಿ, ಅಂಚು ಹರಿತ ಮಾಡಿ. ಲೋಹದ ಪ್ರಾಪ್ ಕೆಲವು ಬೆರಿಲಿಯಂ ಕಾಪರ್‌ನದ್ದಾಗಿರುತ್ತವೆ, ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಒಣಗಿದ್ದಾಗ ಉಜ್ಜಲೇಬೇಡಿ, ನೀರಲ್ಲಿ ಅದ್ದಿಕೊಂಡು, ಮಾಸ್ಕ್ ಹಾಕಿಕೊಂಡು, ಮಕ್ಕಳಿಲ್ಲದ ಕಡೆ ಉಜ್ಜಿ.

ಎಲ್ಲಿ, ಯಾವಾಗ ಓಡಿಸುತ್ತೀರಿ ಅನ್ನುವುದೂ ಟ್ಯೂನಿಂಗ್‌ನ ಭಾಗವೇ. ಜೋಗಿಮಟ್ಟಿ ಕಡೆ ಅಷ್ಟು ಗಾಳಿಯಂತ್ರ ನಿಲ್ಲಿಸಿದ್ದಾರೆ ಅಂದರೆ ಆ ಊರಿನ ಗಾಳಿ ಎಂಥದ್ದು ಅಂತ ನಿಮಗೇ ಗೊತ್ತು. ಆಷಾಢದ ಮಧ್ಯಾಹ್ನ ಬೋಟ್ ಕುಪ್ಪಳಿಸಿದರೆ ತಪ್ಪು ಬೋಟಿನದೋ ಅಲೆಯದೋ ಹೇಳಲು ಆಗಲ್ಲ. ಬೆಳಿಗ್ಗೆ ಬಿಸಿಲೇರುವ ಮುಂಚೆ, ನೀರು ನಿಂತಿದ್ದಾಗ ಹೋಗಿ. ವಾಣಿವಿಲಾಸ ಸಾಗರದಲ್ಲಿ ಓಡಿಸಬೇಕು ಅಂತ ಆಸೆಯಾಗುವುದು ಸಹಜ, ಆದರೆ ಅಷ್ಟು ಅಗಲದ ನೀರಲ್ಲಿ ಸಣ್ಣ ಗಾಳಿಗೂ ಅಲೆ ಏಳುತ್ತದೆ, ಬೋಟ್ ನಿಂತರೆ ತರುವವರು ಯಾರು? ನಮ್ಮ ಕುಂದುವಾಡ ಕೆರೆಯಲ್ಲೂ ನಾವು ಓಡಿಸಲ್ಲ. ಅದು ಊರಿಗೆ ಕುಡಿಯುವ ನೀರು, ಹಕ್ಕಿಗಳೂ ತುಂಬಾ ಇರುತ್ತವೆ. ಪರಿಚಯದವರ ತೋಟದ ಹೊಂಡ ಇದ್ದರೆ ತೂಕ ಸರಿ ಮಾಡುವ ಕೆಲಸಕ್ಕೆ, ನಿಧಾನದ ಓಟಕ್ಕೆ ಸಾಕು. ಆದರೆ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದ ಅಂಚಿಗೆ ದಯವಿಟ್ಟು ಒಬ್ಬರೇ ಹೋಗಬೇಡಿ. ಪಾಚಿ ಹಿಡಿದ ಆ ಪ್ಲಾಸ್ಟಿಕ್ ಮೇಲೆ ಜಾರಿದರೆ ಈಜು ಬರುವವರಿಗೂ ಹತ್ತಿ ಬರಲು ಆಗಲ್ಲ. ಹಗ್ಗ ಕಟ್ಟಿ ಇಳಿಬಿಟ್ಟಿರಿ. ಬೋಟ್ ನಡುವೆ ನಿಂತರೆ ನೀರಿಗೆ ಇಳಿಯಬೇಡಿ, ಮೀನು ಹಿಡಿಯುವ ರೀಲಿನ ದಾರಕ್ಕೆ ಟೆನಿಸ್ ಬಾಲ್ ಕಟ್ಟಿ ಬೋಟಿನ ಆಚೆಗೆ ಎಸೆದು ಎಳೆದುಕೊಳ್ಳಿ. ಹಲ್ ಒಳಗೆ ಖಾಲಿ ಜಾಗಕ್ಕೆ ಫೋಮ್ ತುಂಬಿ, ಮುಳುಗಲ್ಲ. ಫೇಲ್‌ಸೇಫ್ ಸೆಟ್ ಮಾಡಿದ್ದೀರಾ ನೋಡಿ, ರಿಮೋಟ್ ಆಫ್ ಮಾಡಿದರೆ ಮೋಟಾರ್ ನಿಲ್ಲಲೇಬೇಕು.

ಓಡಿಸುವಾಗ ಗೆಳೆಯರೊಬ್ಬರಿಗೆ ದಡದಲ್ಲಿ ಕುಕ್ಕರಗಾಲಲ್ಲಿ ಕೂತು, ಮೊಬೈಲ್ ಕೆಳಗೆ ಹಿಡಿದು ಪಕ್ಕದಿಂದ ಸ್ಲೋ ಮೋಷನ್ ವಿಡಿಯೋ ತೆಗೆಯಲು ಹೇಳಿ. ಚೆನ್ನಾಗಿ ಕೂತ ಡೀಪ್-ವಿ ಬೋಟ್ ಹಿಂದಿನ ಮೂರನೇ ಒಂದು ಭಾಗದ ಮೇಲೆ ಮಾತ್ರ ಓಡುತ್ತದೆ, ಮುಂದಿನದು ನೀರಿನ ಮೇಲೆ ಅಲ್ಲಾಡದೆ ತೇಲಿಕೊಂಡಿರುತ್ತದೆ. ಒಂದು ನಿಮಿಷ ಓಡಿಸಿ ದಡಕ್ಕೆ ತಂದು ಮೋಟಾರ್, ಇಎಸ್‌ಸಿ, ಬ್ಯಾಟರಿ ಮುಟ್ಟಿ ನೋಡಿ. ಕೈ ಇಡಲು ಆಗದಷ್ಟು ಬಿಸಿ ಇದ್ದರೆ 42 ಕೂಡ ಜಾಸ್ತಿಯೇ, 40ಕ್ಕೆ ಇಳಿಯಿರಿ.

ಈಗ ಸಿಜಿ ಎಷ್ಟು ಸೆಂ.ಮೀ. ಬಂತು ಮತ್ತು ಸ್ಕೇಲ್ ಇಟ್ಟಾಗ ಬೆಳಕು ಎಲ್ಲಿ ಕಂಡಿತು, ಇವೆರಡನ್ನು ಇಲ್ಲೇ ಕೆಳಗೆ ಬರೆಯಿರಿ. ಮುಂದೆ ಏನು ಮುಟ್ಟಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.