‘ಸರ್ಕಾರ ಕೆಟ್ಟದ್ದು’ ಎಂದು ಬರೆದು ಮುಗಿಸುವ ಮಕ್ಕಳಿಗೆ ಡಿಸ್ಟೋಪಿಯನ್ ಕಾದಂಬರಿ ಕಲಿಸುವುದು ಹೇಗೆ?

ಒಂಬತ್ತನೇ ತರಗತಿಯವರಿಗೆ ಲೋಯಿಸ್ ಲೌರಿಯ ಡಿಸ್ಟೋಪಿಯನ್ ಕಾದಂಬರಿ, ಅಂದರೆ ಎಲ್ಲವೂ ಹತೋಟಿಯಲ್ಲಿರುವ ಕಲ್ಪಿತ ಊರೊಂದರ ಕಥೆ, ‘ದಿ ಗಿವರ್’ (1993) ಪಾಠ ಮಾಡುತ್ತಿದ್ದೀರಿ, ಅಲ್ಲಿನ ಸಮಾಜದ ಮೌಲ್ಯಗಳೇನು ಎಂದರೆ ಎಲ್ಲರೂ ‘ಸ್ವಾತಂತ್ರ್ಯವಿಲ್ಲ, ಸರ್ಕಾರ ಕೆಟ್ಟದ್ದು’ ಎಂದಷ್ಟೇ ಬರೆಯುತ್ತಾರೆ ಎಂದಿದ್ದೀರಿ. ನನ್ನ ತರಗತಿಯಲ್ಲೂ ಮೊದಲೆರಡು ವರ್ಷ ಹೀಗೆಯೇ ಆಯಿತು. ತೊಡಕು ಇದ್ದದ್ದು ‘ಮೌಲ್ಯ’ ಎಂಬ ಪದದಲ್ಲಿ. ನೀತಿಪಾಠ ಕೇಳಿ ಬೆಳೆದ ಮಕ್ಕಳಿಗೆ ಮೌಲ್ಯವೆಂದರೆ ಸತ್ಯ, ಅಹಿಂಸೆ, ಗುರುಹಿರಿಯರಲ್ಲಿ ಗೌರವ. ಕೆಟ್ಟ ಊರಿಗೆ ಮೌಲ್ಯ ಎಲ್ಲಿಂದ ಬರಬೇಕು? ಆ ಪದವನ್ನು ಬದಿಗಿಟ್ಟು ನಾನು ಎರಡು ಪ್ರಶ್ನೆ ಕೇಳತೊಡಗಿದೆ: ಈ ಊರು ಯಾವುದಕ್ಕೆ ಬೆಲೆ ಕೊಡುತ್ತದೆ? ಅದಕ್ಕಾಗಿ ಬೆಲೆ ತೆರುವವರು ಯಾರು?

ಅಂಗಿಯ ಗುಂಡಿಯಿಂದ ಶುರುಮಾಡಿ. ಆ ಊರಿನಲ್ಲಿ ನಾಲ್ಕರಿಂದ ಆರು ವರ್ಷದ ಮಕ್ಕಳ ಜಾಕೆಟ್ಟುಗಳನ್ನು ಬೆನ್ನ ಕಡೆಯಿಂದ ಮುಚ್ಚಬೇಕು, ಒಬ್ಬರಿಗೊಬ್ಬರು ತೊಡಿಸಲೇಬೇಕು. ಏಳಕ್ಕೆ ಗುಂಡಿ ಮುಂದೆ ಬರುತ್ತದೆ. ಒಂಬತ್ತಕ್ಕೆ ಸೈಕಲ್, ಹನ್ನೆರಡಕ್ಕೆ ಹಿರಿಯರು ಗೊತ್ತುಮಾಡಿದ ಉದ್ಯೋಗ. ಇದರಲ್ಲಿ ಒಳ್ಳೆಯದೇನಿದೆ ಎಂದು ಮೊದಲು ಕೇಳಿ, ಪಟ್ಟು ಹಿಡಿದು ಕೇಳಿ. ‘ಗೆಳೆಯರೇ ಇಲ್ಲದ ಮಗುವಿಗೂ ಯಾರಾದರೂ ಜಾಕೆಟ್ ಹಾಕಿಕೊಡಲೇಬೇಕಲ್ಲ’ ಎಂದು ನನ್ನ ವಿದ್ಯಾರ್ಥಿನಿಯೊಬ್ಬಳು ಹೇಳಿದ್ದಳು. ವಿಶ್ಲೇಷಣೆ ಆರಂಭವಾಗುವುದು ಅಲ್ಲಿಂದ. ಆ ನಿಯಮಗಳನ್ನು ಮಾಡಿದವರು ಜನರನ್ನು ಹಸಿವಿನಿಂದ, ಜಗಳದಿಂದ, ತಪ್ಪು ಆಯ್ಕೆಯಿಂದ ಕಾಪಾಡಲು ಹೊರಟವರು ಎಂಬುದು ಮಕ್ಕಳಿಗೆ ಹೊಳೆಯಬೇಕು. ಆಮೇಲೆ ಬೆಲೆಯ ಲೆಕ್ಕಕ್ಕೆ ಬನ್ನಿ. ಹೆರುವುದನ್ನೇ ಉದ್ಯೋಗವಾಗಿ ಪಡೆದ ಹೆಣ್ಣು ಮೂರು ಹೆರಿಗೆ ಮುಗಿಸಿ ಮುಪ್ಪಿನವರೆಗೂ ಕೂಲಿ ಮಾಡುತ್ತಾಳೆ. ಹೆತ್ತ ಮಗುವಿನ ಮುಖವನ್ನೂ ನೋಡುವುದಿಲ್ಲ.

ಪದಗಳಿಗೆ ಒಂದು ಇಡೀ ಪೀರಿಯಡ್ ಮೀಸಲಿಡಿ. ಆ ಊರಿನವರು ಬಳಸುವ ‘ರಿಲೀಸ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನುತ್ತೀರಿ ಎಂದು ನಾನು ಕೇಳಿದಾಗ ‘ಬಿಡುಗಡೆ’ ಎಂದರು. ಪುಸ್ತಕ ಬಿಡುಗಡೆ, ಜೈಲಿನಿಂದ ಬಿಡುಗಡೆ, ಭವಬಂಧನದಿಂದ ಬಿಡುಗಡೆ ಎಂದು ಒಂದೊಂದಾಗಿ ಹಲಗೆಯ ಮೇಲೆ ಬರೆದೆವು, ಎಲ್ಲವೂ ಹಿತವಾದವೇ. ತೂಕ ಕಡಿಮೆಯೆಂಬ ಕಾರಣಕ್ಕೆ ಅವಳಿ ಶಿಶುಗಳಲ್ಲಿ ಒಂದಕ್ಕೆ ಕಥಾನಾಯಕ ಜೋನಾಸನ ತಂದೆ ಸೂಜಿ ಚುಚ್ಚಿ ಪ್ರಾಣ ತೆಗೆದು ‘ರಿಲೀಸ್’ ಮಾಡುವ ಪುಟವನ್ನು ಅದಾದ ಮೇಲೆ ಗಟ್ಟಿಯಾಗಿ ಓದಿಸಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಹುಡುಗನೊಬ್ಬ ಎದ್ದು, ‘ನಾವೂ ಸತ್ತರು ಎನ್ನುವುದಿಲ್ಲ, ತೀರಿಕೊಂಡರು, ದೈವಾಧೀನರಾದರು ಎನ್ನುತ್ತೇವೆ. ನಮ್ಮದೂ ಸುಳ್ಳೇ?’ ಎಂದ. ನಾನು ಉತ್ತರಿಸಲಿಲ್ಲ. ಅವರೇ ಚರ್ಚಿಸಿ ಕಂಡುಕೊಂಡರು: ನಮ್ಮ ಮಾತು ದುಃಖದಲ್ಲಿರುವವರ ಮನಸ್ಸು ನೋಯದಿರಲೆಂದು ಹುಟ್ಟಿದ್ದು, ಆ ಊರಿನ ಮಾತು ಕೊಂದವನ ಕೈ ನಡುಗದಿರಲೆಂದು. ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ನಾನೇ ಹೇಳಿಬಿಟ್ಟಿದ್ದರೆ ಅದು ನೋಟ್ಸಿನಲ್ಲಿ ಸತ್ತು ಬೀಳುತ್ತಿತ್ತು. ಜೋನಾಸ್ ‘ನನ್ನನ್ನು ಪ್ರೀತಿಸುತ್ತೀರಾ’ ಎಂದಾಗ ತಂದೆತಾಯಿ ನಕ್ಕು, ಅವನ ಪದಬಳಕೆಯನ್ನು ತಿದ್ದುವ ಭಾಗವನ್ನೂ ಇದರ ಜೊತೆಗೇ ಓದಿಸಿ.

ನಮ್ಮ ಸಮಾಜದೊಂದಿಗೆ ಹೋಲಿಸಲು ಅವಸರ ಮಾಡಬೇಡಿ. ಆ ಹುಡುಗನಂತೆ ಮಕ್ಕಳಾಗಿಯೇ ಹೋಲಿಸಿದರೆ ಸರಿ; ನಾವು ಮೊದಲೇ ಎಳೆದು ತಂದರೆ ಕಾದಂಬರಿ ಮರೆತೇಹೋಗುತ್ತದೆ.

ಬರೆಯಲು ಕೊಡುವಾಗ ಒಂದೇ ವಸ್ತು ಅಥವಾ ಒಂದೇ ನಿಯಮ ಆರಿಸಿಕೊಳ್ಳಲು ಹೇಳಿ. ಪ್ರತಿ ಮಾತಿಗೂ ಪುಟಸಂಖ್ಯೆ ಬೇಕೇ ಬೇಕು ಎನ್ನಿ. ಹೋದ ವರ್ಷ ಒಬ್ಬ ಹುಡುಗಿ ಜೋನಾಸನ ತಂಗಿ ಲಿಲಿಯ ಬಟ್ಟೆಯ ಆನೆಯನ್ನು ಆರಿಸಿಕೊಂಡಳು. ಅದು ಎಂಟನೇ ವರ್ಷಕ್ಕೆ ಅವಳ ಕೈಯಿಂದ ಹೋಗಬೇಕಾದ ಗೊಂಬೆ. ಆನೆ ನಿಜವಾದ ಪ್ರಾಣಿಯೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂಬಲ್ಲಿಂದ ಶುರುಮಾಡಿ ಎರಡು ಪುಟ ಬರೆದಿದ್ದಳು. ‘ಸರ್ಕಾರ’ ಎಂಬ ಪದ ಅದರಲ್ಲಿ ಒಮ್ಮೆಯೂ ಇರಲಿಲ್ಲ.