ಮಳೆ ಹಿಡಿದರೆ ಕಾರು ಸ್ಟಾರ್ಟ್ ಆಗುವುದಿಲ್ಲ, ಬಿಸಿಲು ಬಂದರೆ ಸರಿಯಾಗುತ್ತದೆ. ಯಾಕೆ?

ತೀರ್ಥಹಳ್ಳಿ ಕಡೆ ಜುಲೈ ಬಂದರೆ ನಿಮ್ಮ ಹಳೆಯ ಪೆಟ್ರೋಲ್ ಕಾರು ಬೆಳಿಗ್ಗೆ ಕೈಕೊಡುತ್ತದೆ ಅಂದಿದ್ದೀರಿ, ಅಲ್ವಾ? ಮೊದಲು ಒಂದು ಗಮನಿಸಿ: ಕೀ ತಿರುಗಿಸಿದಾಗ ಎಂಜಿನ್ ತಿರುಗುತ್ತದಾ?

ತಿರುಗದೆ ಬರೀ ಟಕ್ ಟಕ್ ಅಂದರೆ ಬ್ಯಾಟರಿ ನೋಡಿ. ಟರ್ಮಿನಲ್ ಮೇಲೆ ಹಸಿರು-ಬಿಳಿ ಪುಡಿ ಕೂತಿದ್ದರೆ ಬಿಚ್ಚಿ ಉಜ್ಜಿ. ಚಾರ್ಜ್ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು.

ಎಂಜಿನ್ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ನನ್ನ ಅನುಮಾನ ಪ್ಲಗ್ ವೈರ್ ಮೇಲೆ, ಅಂದರೆ ಪೆಟ್ರೋಲ್ ಹೊತ್ತಿಸುವ ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಒಯ್ಯುವ ವೈರ್ ಮೇಲೆ. ಸ್ಪಾರ್ಕ್‌ಗೆ ಸಾವಿರಾರು ವೋಲ್ಟ್ ಬೇಕು. ವೈರಿನ ರಬ್ಬರ್ ಬಿರುಕು ಬಿಟ್ಟಿದ್ದರೆ, ತೇವ ಕೂತಾಗ ಆ ಕರೆಂಟ್ ಪ್ಲಗ್‌ಗೆ ಹೋಗದೆ ಎಂಜಿನ್ ಲೋಹಕ್ಕೆ ಹಾರುತ್ತದೆ. ಕತ್ತಲಲ್ಲಿ ಬಾನೆಟ್ ಎತ್ತಿ, ಇನ್ನೊಬ್ಬರಿಂದ ಕೀ ತಿರುಗಿಸಿ ನೋಡಿ. ಸೋರುವ ಜಾಗದಲ್ಲಿ ನೀಲಿ ಕಿಡಿ ಚಟಚಟ ಕಾಣುತ್ತದೆ. ಕೈ ಮಾತ್ರ ದೂರ ಇಡಿ. ಕೀ ಆಫ್ ಮಾಡಿ ವೈರ್‌ಗಳನ್ನು ಒರೆಸಿ. ಡಿಸ್ಟ್ರಿಬ್ಯೂಟರ್ (ಒಂದೊಂದು ಪ್ಲಗ್‌ಗೂ ಸರದಿಯಂತೆ ಕರೆಂಟ್ ಹಂಚುವ ಭಾಗ) ಇದ್ದರೆ ಮುಚ್ಚಳದ ಒಳಗೂ ಒರೆಸಿ. ಒರೆಸಿದ ಕೂಡಲೇ ಸ್ಟಾರ್ಟ್ ಆದರೆ ರೋಗ ಸಿಕ್ಕಿತು. ವೈರ್ ಸೆಟ್ ಬದಲಿಸಿ, ಸುಮ್ನೆ ತೇವ ಓಡಿಸುವ ಸ್ಪ್ರೇ ಹೊಡೆದು ಮಳೆಗಾಲ ದೂಡಬೇಡಿ.

ಮಲೆನಾಡಲ್ಲಿ ಇನ್ನೊಂದು ಕಾಟ ಇಲಿ. ಮಳೆ ಜಾಸ್ತಿಯಾದರೆ ಬೆಚ್ಚಗಿನ ಎಂಜಿನ್ ಪಕ್ಕ ಸೇರಿ ವೈರ್ ಕಡಿಯುತ್ತವೆ. ನನ್ನ ಕಾರಿನ ಏರ್ ಫಿಲ್ಟರ್ ಪಕ್ಕ ಅಡಿಕೆ ಸಿಪ್ಪೆಯ ಗೂಡೇ ಸಿಕ್ಕಿತ್ತು.

ಹಳ್ಳ ದಾಟುವಾಗ ನೀರು ನುಗ್ಗಿ ಎಂಜಿನ್ ನಿಂತಿದ್ದರೆ ಮಾತ್ರ ದಯವಿಟ್ಟು ಕೀ ಮುಟ್ಟಬೇಡಿ. ಸಿಲಿಂಡರ್ ಒಳಗಿನ ನೀರು ಗಾಳಿಯಂತೆ ಕುಗ್ಗುವುದಿಲ್ಲ, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಿಹೋಗಬಹುದು. ಎಳೆಸಿಕೊಂಡೇ ಗ್ಯಾರೇಜಿಗೆ ಹೋಗಿ.