ಕಾನೂನು ಪ್ರಶ್ನೋತ್ತರ: ವಕಾಲತ್ತಿನ ಜೊತೆ ಪಾಠ

ಪ್ರಶ್ನೆ: ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಯಲ್ಲಿ ದಿವಾಳಿ ಪ್ರಕರಣ ನಡೆಸುತ್ತೇನೆ. ತುಮಕೂರಿನ ಕಾನೂನು ಕಾಲೇಜೊಂದು ವಾರಕ್ಕೆ ಎರಡು ದಿನ ಪಾಠಕ್ಕೆ ಕರೆದಿದೆ. ವಕೀಲಿಕೆಯ ಸನ್ನದಿಗೆ ತೊಂದರೆಯಾದೀತೇ? ಪಾಠ ಎಲ್ಲಿಂದ ಶುರುಮಾಡಲಿ?
– ಒಬ್ಬ ವಕೀಲರು, ತುಮಕೂರು

ಉತ್ತರ: ತೊಂದರೆಯಿಲ್ಲ, ಗಂಟೆಯ ಲೆಕ್ಕ ಮಾತ್ರ ತಪ್ಪಬಾರದು. ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ದಿನಕ್ಕೆ 3 ಗಂಟೆ ಮೀರದಂತೆ ವಕೀಲರು ಕಾನೂನು ಬೋಧಿಸಬಹುದೆಂದು ವಕೀಲರ ಕಾನೂನು ಬೋಧನೆಗೆ ಸಂಬಂಧಿಸಿದ 1979ರ ನಿಯಮಗಳೇ ಹೇಳುತ್ತವೆ. ಅದು ಅರೆಕಾಲಿಕ ಕೆಲಸವೆಂದೇ ಲೆಕ್ಕ. ಎಡವಟ್ಟಾಗುವುದು ನೇಮಕಾತಿ ಪತ್ರದಲ್ಲಿ. ‘ಉಪನ್ಯಾಸಕ’ ಎಂದಷ್ಟೇ ಬರೆದು ತಿಂಗಳ ಸಂಬಳ ಗೊತ್ತುಮಾಡಿ, ಆಮೇಲೆ ಪರೀಕ್ಷಾ ಮೇಲ್ವಿಚಾರಣೆ, ಪ್ರವೇಶಾತಿ ಎಂದು ಇಡೀ ದಿನ ಕೂರಿಸಿಕೊಂಡರೆ ಪೂರ್ಣಾವಧಿ ನೌಕರಿಯ ಆಕ್ಷೇಪ ಏಳುತ್ತದೆ. ಬಾರ್ ಕೌನ್ಸಿಲಿನ 49ನೇ ನಿಯಮ ಅದನ್ನು ಒಪ್ಪುವುದಿಲ್ಲ. ‘ಅರೆಕಾಲಿಕ’ ಎಂಬ ಪದ, ದಿನದ ಗಂಟೆ, ತರಗತಿಗಿಷ್ಟು ಗೌರವಧನ – ಮೂರೂ ಪತ್ರದಲ್ಲಿರಲಿ. ಒಂದು ದಿನವಾದರೂ ಶನಿವಾರ ಕೇಳಿ. ವಿಚಾರಣೆಯ ದಿನಾಂಕದ ಜೊತೆ ತಾಕಲಾಟ ಕಡಿಮೆ.

ಇನ್ನು ಪಾಠ. ದಿವಾಳಿ ಸಂಹಿತೆಯ (ಐಬಿಸಿ) 1ನೇ ಕಲಮಿನಿಂದ ಓದಿಸುತ್ತ ಹೋದರೆ ಮಕ್ಕಳಿಗೆ ನಿದ್ದೆ ಬರುತ್ತದೆ. ಒಂದು ಲೆಕ್ಕ ಕೊಡಿ. ವಸಂತನರಸಾಪುರದ ಕಾರ್ಖಾನೆಯೊಂದಕ್ಕೆ ಬೋಲ್ಟ್ ಪೂರೈಸಿದವನಿಗೆ ₹84 ಲಕ್ಷ ಬಾಕಿ. ವರ್ಷಕ್ಕೆ ಶೇ. 18 ಬಡ್ಡಿ, 15 ತಿಂಗಳಾಗಿದೆ. ಬಡ್ಡಿ ₹18.90 ಲಕ್ಷ, ಒಟ್ಟು ₹1.029 ಕೋಟಿ. 2020ರ ಮಾರ್ಚ್ 24ರಿಂದ ದಿವಾಳಿ ಅರ್ಜಿಗೆ ಬೇಕಾದ ಬಾಕಿಯ ಕನಿಷ್ಠ ಮಿತಿ ₹1 ಕೋಟಿ. ಹಾಗಾದರೆ ಅರ್ಜಿ ಹಾಕಬಹುದೇ? ಬಡ್ಡಿಯ ಷರತ್ತು ಇನ್‌ವಾಯ್ಸಿನಲ್ಲಿದೆಯೇ ಎಂದು ಅವರೇ ಹುಡುಕಲಿ. ಅದಿಲ್ಲದಿದ್ದರೆ ಕೋಟಿ ಮುಟ್ಟಿಸುವುದೇ ಕಷ್ಟ. ಬಾಕಿಯಾದ ದಿನದಿಂದ 3 ವರ್ಷದ ಕಾಲಮಿತಿಯನ್ನೂ ಎಣಿಸಲಿ. ಆಮೇಲೆ 8ನೇ ಕಲಮಿನ ಬೇಡಿಕೆ ನೋಟಿಸನ್ನು ನಮೂನೆ 3ರಲ್ಲಿ ಬರೆಸಿ. ನೋಟಿಸ್ ತಲುಪಿ 10 ದಿನ ಕಳೆಯದೆ 9ನೇ ಕಲಮಿನ ಅರ್ಜಿ ನಿಲ್ಲುವುದಿಲ್ಲ. ಬ್ಯಾಂಕಿನಂತೆ ಹಣದ ಸಾಲ ಕೊಟ್ಟವರಿಗೆ 7ನೇ ಕಲಮಿನಡಿ ಈ ನೋಟಿಸಿನ ಕಟ್ಟಳೆಯಿಲ್ಲ. ವಿದ್ಯಾರ್ಥಿಗಳು ಹೆಚ್ಚು ಗೊಂದಲಪಡುವುದು ಇಲ್ಲೇ.

ಎಲ್ಲರೂ ಬರೆದು ಮುಗಿಸಿದ ಮೇಲೆ ಇನ್ನೊಂದು ಹಾಳೆ ಹಂಚಿ: ‘ಬೋಲ್ಟ್ ತುಕ್ಕು ಹಿಡಿದಿವೆ, ವಾಪಸ್ ಒಯ್ಯಿರಿ’ ಎಂದು ನೋಟಿಸಿಗೆ ಎರಡು ತಿಂಗಳ ಮೊದಲೇ ಕಾರ್ಖಾನೆ ಕಳಿಸಿದ ಇಮೇಲ್. ಮೊದಲೇ ಇದ್ದ ನೈಜ ವಿವಾದವೆಂದು ಕಂಡರೆ ಅರ್ಜಿ ಬೀಳುತ್ತದೆ. ಸುಪ್ರೀಂ ಕೋರ್ಟಿನ 2017ರ ಮೊಬಿಲಾಕ್ಸ್ ತೀರ್ಪನ್ನು ಆಗ ಓದಿಸಿ, ತಲೆಗೆ ಹತ್ತುತ್ತದೆ. ನಿಮ್ಮ ಕಕ್ಷಿದಾರರ ಕಡತವನ್ನು ಮಾತ್ರ ತರಗತಿಗೆ ಒಯ್ಯಬೇಡಿ, ಹೆಸರು ಅಳಿಸಿಯೂ ಬೇಡ. ತುಮಕೂರಿನಂಥ ಊರಿನಲ್ಲಿ ಯಾವ ಕಾರ್ಖಾನೆಯೆಂದು ಹಿಂದಿನ ಬೆಂಚಿನವರೇ ಹೇಳಿಬಿಡುತ್ತಾರೆ.

ಪ್ರಶ್ನೆ: ಚಿಕ್ಕಪ್ಪನ ಪ್ರೈವೇಟ್ ಲಿಮಿಟೆಡ್ ಕಂಪನಿಯ ಸಾಲಕ್ಕೆ ನಮ್ಮ ತಂದೆ ವೈಯಕ್ತಿಕ ಜಾಮೀನು ಹಾಕಿದ್ದಾರೆ. ಅವರು ರೈತರು. ಈ ಸಂಹಿತೆ ಅವರಿಗೂ ತಟ್ಟುತ್ತದೆಯೇ?
– ಕಾನೂನು ವಿದ್ಯಾರ್ಥಿನಿ, ಶಿರಾ

ಉತ್ತರ: ತಟ್ಟುತ್ತದೆ, ಅದು ಜಾಮೀನಿನ ಕಾರಣಕ್ಕೆ. ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವನ್ನು 2019ರ ಡಿಸೆಂಬರ್ 1ರಿಂದ ಕಂಪನಿ ಸಾಲದ ಜಾಮೀನುದಾರರ ಮಟ್ಟಿಗೆ ಜಾರಿಗೆ ತಂದಿದ್ದಾರೆ. ಅವರ ಸ್ವಂತ ಬೆಳೆ ಸಾಲಕ್ಕೆ ಅದು ಅನ್ವಯಿಸದು. ಬ್ಯಾಂಕಿನಿಂದ ನಮೂನೆ ‘ಬಿ’ ನೋಟಿಸ್ ಬಂದರೆ ಹಣ ಕಟ್ಟಲು 14 ದಿನ ಮಾತ್ರ. ಲಕೋಟೆ ಕೈಸೇರಿದ ತಾರೀಖನ್ನು ಅದರ ಮೇಲೆಯೇ ಬರೆದಿಟ್ಟು, ಜಾಮೀನು ಪತ್ರದ ಪ್ರತಿಯೊಂದಿಗೆ ಅದೇ ವಾರ ವಕೀಲರನ್ನು ಕಾಣಿ.